ರುದ್ರಮುನಿಯವರ ದೂರದ ಹಾರ್ನ್

ಕಳೆದ ತಿಂಗಳು ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಹೊಸದುರ್ಗದ ಬಸ್ಸಿಗಾಗಿ ಕಾಯುತ್ತಿದ್ದೆ. ಬೆನ್ನ ಹಿಂದಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಒಬ್ಬಾತ ಯಾರದೋ ಫೋನನ್ನು ಬಿಚ್ಚಿಟ್ಟುಕೊಂಡು ಬೆಸುಗೆ ಹಾಕುತ್ತಿದ್ದ. ಸೀಸದ ತಂತಿಯೊಂದಿಗೆ ಕಾದ ರಾಳದ ಹೊಗೆ ಗಾಳಿಗೆ ಸಿಕ್ಕಿ ನೇರ ನನ್ನ ಮುಖಕ್ಕೆ ಬಂತು. ಕೆಟ್ಟ ವಾಸನೆಯೇನಲ್ಲ, ಧೂಪಕ್ಕೆ ದೂರದ ನೆಂಟನಂತಿರುತ್ತದೆ. ಆದರೂ ಮೂಗಿಗೆ ತಾಗಿದೊಡನೆ ನನಗೆ ಸಿಟ್ಟು ಬಂತು. ಬಸ್ಸು ಬಂದು, ಹತ್ತಿ ಕುಳಿತು, ಊರು ದಾಟಿ, ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣಿಸಿಕೊಂಡ ಮೇಲೂ ಆ ಸಿಟ್ಟು ಇಳಿಯಲಿಲ್ಲ. ಇಳಿಯಬೇಕೆಂಬ ಆಸೆಯೂ ನನಗಿಲ್ಲ. ಕಾಲ ಕಳೆದಂತೆ ಅನ್ಯಾಯ ಹಗುರಾಗುತ್ತದೆ ಎನ್ನುವವರ ಎದುರು ನಾನು ಎಷ್ಟು ಹೊತ್ತು ಬೇಕಾದರೂ ವಾದಿಸಬಲ್ಲೆ. ಆದರೆ ಈ ಅನ್ಯಾಯಕ್ಕೆ ಬಾಗಿಲು ತೆರೆದುಕೊಟ್ಟವಳು ನಾನೇ. ಆದ್ದರಿಂದ ವಾದವನ್ನು ಬದಿಗಿಟ್ಟು, ಆ ಒಂದು ವರ್ಷವನ್ನು ನಡೆದಂತೆ ಬರೆಯುತ್ತೇನೆ.

ಆ ವರ್ಷ ನಾನು ಹೊಳಲ್ಕೆರೆಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಚಿತ್ರದುರ್ಗದಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಪಾರಿತೋಷಕ ಗೆದ್ದು ಬೆಳೆದವಳು. ಪರವಾಗಿಯೂ ವಿರೋಧವಾಗಿಯೂ ಒಂದೇ ಉಸಿರಿನಲ್ಲಿ ಮಾತನಾಡಬಲ್ಲೆನೆಂಬ ಹೆಮ್ಮೆ ನನಗಿತ್ತು. ಬಾಡಿಗೆ ಕೋಣೆಗೆ ತಂದ ಸಾಮಾನಿನಲ್ಲಿ ಪುಸ್ತಕ ಬಿಟ್ಟರೆ ಇದ್ದದ್ದು ಒಂದು ಎಲೆಕ್ಟ್ರಿಕ್ ಗಿಟಾರು, ನಾಲ್ಕು ಪೆಡಲು. ಪೆಡಲ್ ಎಂದರೆ ಕಾಲಲ್ಲಿ ಒತ್ತುವ ಗುಂಡಿಯುಳ್ಳ, ಅಂಗೈಯಗಲದ ಲೋಹದ ಡಬ್ಬಿ. ಗಿಟಾರಿನಿಂದ ಹೊರಟ ದನಿ ಸ್ಪೀಕರನ್ನು ಮುಟ್ಟುವ ಮುನ್ನ ಅದರೊಳಗೆ ಹಾದುಹೋಗುತ್ತದೆ. ಒಂದು ಡಬ್ಬಿ ದನಿಯನ್ನು ಒರಟಾಗಿಸುತ್ತದೆ, ಇನ್ನೊಂದು ನಡುಗಿಸುತ್ತದೆ, ಮತ್ತೊಂದು ಪ್ರತಿಧ್ವನಿ ಕೊಡುತ್ತದೆ. ಕಾರ್ಖಾನೆಯಲ್ಲಿ ರಾಶಿರಾಶಿಯಾಗಿ ತಯಾರಾಗುವವು ಬೇರೆ. ಒಬ್ಬರೋ ಇಬ್ಬರೋ ಕುಳಿತು ಕೈಯಲ್ಲೇ ಕಟ್ಟುವ ಪೆಡಲುಗಳೂ ಇವೆ. ನಗರಗಳಲ್ಲಿ ಅವನ್ನು ಬೂಟೀಕ್ ಪೆಡಲ್ ಎಂದು ಕರೆದು, ಒಡವೆಯಂತೆ ಜೋಪಾನ ಮಾಡುತ್ತಾರೆ. ಅಂಥದ್ದೊಂದು ನನ್ನ ಬಳಿಯೂ ಇತ್ತು. ಆಷಾಢದ ಮೊದಲ ವಾರ ಅದು ಉಸಿರು ನಿಲ್ಲಿಸಿತು.

ಆ ವಾರದ ಗಾಳಿ ನೆನಪಿದೆ. ಮಾರುಕಟ್ಟೆ ಪ್ರಾಂಗಣದ ತಗಡಿನ ಚಾವಣಿಗಳು ಹಗಲಿಡೀ ಬಡಿದುಕೊಳ್ಳುತ್ತಿದ್ದವು. ಮಳೆಯಿಲ್ಲ, ಮೋಡಗಳು ಅವಸರದ ಪ್ರಯಾಣಿಕರಂತೆ ಊರಿನ ಮೇಲೆ ಹಾದು ಮುಂದಕ್ಕೆ ಹೋಗುತ್ತಿದ್ದವು. ಪ್ರಾಂಗಣದ ಎದುರು ರುದ್ರಮುನಿಯವರ ಮೈಕ್‌ಸೆಟ್ ಅಂಗಡಿ. ಮದುವೆ, ಗೃಹಪ್ರವೇಶ, ಸಭೆಗಳಿಗೆ ಧ್ವನಿವರ್ಧಕದ ಹಾರ್ನು, ಆಂಪ್ಲಿಫೈಯರು ಬಾಡಿಗೆಗೆ ಕೊಡುವುದು, ಉಳಿದ ಹೊತ್ತಿನಲ್ಲಿ ಟಿ.ವಿ., ಮಿಕ್ಸಿ ರಿಪೇರಿ. ಐವತ್ತು ದಾಟಿದ ತೆಳ್ಳನೆಯ ಮನುಷ್ಯ, ಹಣೆಯ ಮೇಲೆ ವಿಭೂತಿ, ಕಿವಿಯ ಮೇಲೆ ಸಿಗಿಸಿದ ಸ್ಕ್ರೂಡ್ರೈವರು.

"ಬರ್ರಿ ಮೇಡಂ, ಕುಂತ್ಕಳ್ರಿ. ಏನಿದು, ಹೊಲಿಗೆ ಮಿಷನ್ನಿನ ಪೆಡ್ಲಾ?"

"ಗಿಟಾರಿನದು."

"ಅದನ್ನ ಕಾಲಾಗೂ ಬಾರಿಸ್ತಾರೇನ್ರಿ ಈಗ?"

ಪಕ್ಕದ ಸ್ಟೂಲಿನ ಮೇಲಿದ್ದವನು ಗಟ್ಟಿಯಾಗಿ ನಕ್ಕ. ಅವನು ಮೈಲಾರಿ, ಶ್ರೀರಾಂಪುರದ ಕಡೆಯ ಕುರಿ ಸಾಕುವ ಮನೆತನದವನು. ರಸಮಂಜರಿ ತಂಡಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಒಂದು ಸಿಂಥಸೈಜರನ್ನು, ಬಗೆಬಗೆಯ ದನಿ ಹುಟ್ಟಿಸುವ ಕೀಬೋರ್ಡನ್ನು, ಹೆಗಲಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದ. ರುದ್ರಮುನಿ ಅವನ ಕಡೆ ತಿರುಗಿ, "ಲೇ ಮೈಲಾರಿ, ನಗಬ್ಯಾಡ. ನಿನ್ ಪೆಟ್ಟಿಗೆ ಬಾಯಿ ಬಿಟ್ರೆ ಬಸ್ಸಿನ ರಿವರ್ಸ್ ಹಾರ್ನ್ ಹೊಡ್ದಂಗಾಗ್ತೈತೆ," ಎಂದರು.

ನನ್ನ ಪೆಡಲನ್ನು ಅವರು ಬಿಚ್ಚಿದರು. ಒಳಗೆಲ್ಲ ಕಪ್ಪು ರಾಳ ಸುರಿದು ಕಲ್ಲುಮಾಡಿದ್ದರು. ತಯಾರಕರು ತಮ್ಮ ಜೋಡಣೆಯನ್ನು ಬೇರೆಯವರು ನೋಡಬಾರದೆಂದು ಹೀಗೆ ಮುಚ್ಚುತ್ತಾರೆಂದು ನಾನು ವಿವರಿಸಿದೆ. ರುದ್ರಮುನಿ ನಂಬಲಿಲ್ಲ. ಆ ಕಪ್ಪು ಹೆಂಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಕೆಟ್ರೆ ಯಾರು ರಿಪೇರಿ ಮಾಡ್ಬೇಕ್ರಿ ಇದನ್ನ?"

"ಅವರೇ."

"ಅವ್ರು ಸತ್ರೆ?"

ಅಂದೇ ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿತು. ಅಂದೇ ನನ್ನ ಸುಧಾರಣೆಯ ಹುಚ್ಚಿಗೂ ಮೇವು ಸಿಕ್ಕಿತು. ವಿದ್ಯೆಯನ್ನು ಬೀಗ ಹಾಕಿ ಇಡುವ ಲೋಕದ ವಿರುದ್ಧ ಇಲ್ಲೊಬ್ಬ ಸಾಕ್ಷಿಯಿದ್ದಾನೆ ಎನಿಸಿತು. ಸಾಕ್ಷಿಗೂ ತನ್ನದೇ ಆದ ಒಂದು ಅಹವಾಲು ಇರಬಹುದೆಂದು ನಾನು ಯೋಚಿಸಲಿಲ್ಲ.

ಅಲ್ಲಿಂದ ಭಾನುವಾರದ ಮಧ್ಯಾಹ್ನಗಳೆಲ್ಲ ಆ ಅಂಗಡಿಯಲ್ಲೇ ಕಳೆದವು. ನನ್ನ ಗಿಟಾರು, ಮೈಲಾರಿಯ ಸಿಂಥು, ಉಳಿದ ಮೂರು ಪೆಡಲು, ರುದ್ರಮುನಿಯವರ ಹಳೆಯ ಆಂಪ್ಲಿಫೈಯರು. ಪೆಡಲುಗಳ ಕ್ರಮ ಬದಲಿಸಿದರೆ ದನಿಯ ಸ್ವಭಾವವೇ ಬದಲಾಗುತ್ತದೆ. ಮೊದಲು ಒರಟುಮಾಡಿ ಆಮೇಲೆ ಪ್ರತಿಧ್ವನಿ ಕೊಟ್ಟರೆ ಒಂದು ಬಗೆ. ಮೊದಲು ಪ್ರತಿಧ್ವನಿ ಕೊಟ್ಟು ಆಮೇಲೆ ಒರಟುಮಾಡಿದರೆ ಸಂತೆಯ ಗದ್ದಲವೆಲ್ಲ ಒಂದೇ ಬಾಯಿಂದ ಹೊರಟಂತೆ. ಸಿಂಥನ್ನು ಗಿಟಾರಿನ ಪೆಡಲಿಗೆ ಸಿಕ್ಕಿಸಬಹುದೆಂಬುದೇ ಮೈಲಾರಿಗೆ ಹೊಸ ಸುದ್ದಿ. ಅವನ ದೂರು ಒಂದೇ: "ಮೇಡಂ, ನಿಮ್ ತಂತಿ ಜಾರ್ತೈತೆ, ನನ್ ಕೀ ಜಾರಲ್ಲ. ಮೆಟ್ಲು ಹತ್ತಿ ಇಳ್ದಂಗೆ, ಟಕ್ ಟಕ್ ಅಂತ. ನಮ್ಮಜ್ಜಿ ಹಾಡೋದು ಹಿಂಗಿಲ್ಲ."

ಉತ್ತರ ಬಂದದ್ದು ರುದ್ರಮುನಿಯವರ ಕಸುಬಿನ ಒಳಗಿನಿಂದ. ಊರ ಸಭೆಗೆ ಎರಡು ಹಾರ್ನು ಕಟ್ಟುತ್ತಾರೆ, ಒಂದು ವೇದಿಕೆಯ ಬಳಿ, ಇನ್ನೊಂದು ದೂರದ ಕಂಬಕ್ಕೆ. ದೂರದ ಹಾರ್ನಿನ ಮಾತು ಒಂದು ಗಳಿಗೆ ತಡವಾಗಿ ಕಿವಿಗೆ ಬೀಳುತ್ತದೆ. ಗಾಳಿ ಬೀಸಿದರೆ ಆ ತಡವಾದ ಮಾತು ತೂಗಾಡುತ್ತದೆ. ಭಾಷಣಕಾರನ ಮಾತು ಜನರಿಗೆ ತಿಳಿಯಲೆಂದು ಮೂವತ್ತು ವರ್ಷ ಆ ತೂಗಾಟವನ್ನು ಕೊಲ್ಲುವುದೇ ಅವರ ಕೆಲಸವಾಗಿತ್ತು. "ಈಗ ಅದನ್ನೇ ಬೇಕು ಅಂತ ಮಾಡಾಣ," ಎಂದರು. ಕೆಟ್ಟ ಕರೋಕೆ ಆಂಪ್ಲಿಫೈಯರಿನಿಂದ ಪ್ರತಿಧ್ವನಿ ಹುಟ್ಟಿಸುವ ಎಕೋ ಚಿಪ್ ತೆಗೆದರು. ತಾನಾಗಿ ಹೊತ್ತಿಕೊಳ್ಳುವ ಬೀದಿದೀಪದ ಪೆಟ್ಟಿಗೆಯಿಂದ ಬೆಳಕು ಗುರುತಿಸುವ ಬಿಲ್ಲೆಯನ್ನು ತೆಗೆದರು. ಆ ಬಿಲ್ಲೆಯನ್ನೂ ಒಂದು ಪುಟ್ಟ ಬಲ್ಬನ್ನೂ ಎದುರುಬದುರಾಗಿ, ಹೊರಗಿನ ಬೆಳಕು ತಾಗದಂತೆ, ಸೈಕಲ್ ಗಾಲಿಯ ರಬ್ಬರ್ ವಾಲ್‌ಟ್ಯೂಬಿನ ತುಂಡಿನಲ್ಲಿ ತೂರಿಸಿದರು. ಬಲ್ಬು ಮಿನುಗಿದಂತೆ ಪ್ರತಿಧ್ವನಿಯ ಕಾಲ ಹಿಗ್ಗಿ ಕುಗ್ಗುತ್ತಿತ್ತು. ಕಾಲ ಹಿಗ್ಗಿದಾಗ ಸ್ವರ ಕೆಳಕ್ಕೆ ಜಾರುತ್ತಿತ್ತು, ಕುಗ್ಗಿದಾಗ ಮೇಲಕ್ಕೇರುತ್ತಿತ್ತು.

ಶ್ರಾವಣದ ಒಂದು ಭಾನುವಾರ ಅದು ಮೊದಲ ಸಲ ಸರಿಯಾಗಿ ಕೆಲಸ ಮಾಡಿತು. ಮೈಲಾರಿ ಒಂದೇ ಕೀ ಒತ್ತಿದ. ಸ್ವರ ಹೊರಟಿತು, ಅದರ ಹಿಂದೆಯೇ ಇನ್ನೊಂದು, ಗುಡ್ಡದ ಆಚೆಯಿಂದ ಯಾರೋ ಕುರಿಗಳನ್ನು ಕೂಗಿ ಕರೆದಂತೆ, ಬಾಗಿ, ಬಳುಕಿ, ದೂರವಾಯಿತು. ಅವನು ಕೀಯಿಂದ ಕೈ ತೆಗೆದು ಕಣ್ಣೊರೆಸಿಕೊಂಡ.

"ಅಣ್ಣಾ," ಎಂದ, "ಇದು ಮಾಡದಕೆರೆ ಕಾವಲಿನಾಗೆ ಕುರಿ ಮೇಯಿಸ್ವಾಗ ನಾವು ಕೇಳ್ತಿದ್ವಲ್ಲ, ಅದೇ ಐತೆ."

"ಏನಪ್ಪ, ಅಳ್ತೀಯೇನು?"

"ಹೊಗೆ ಕಣಣ್ಣ, ನಿನ್ ಬೆಸುಗೆದೇ ಹೊಗೆ."

ರುದ್ರಮುನಿ ಅದಕ್ಕೆ 'ದೂರದ ಹಾರ್ನ್' ಎಂದು ಹೆಸರಿಟ್ಟರು. ದಸರೆಯ ಹೊತ್ತಿಗೆ ಮೈಲಾರಿ ಅದನ್ನು ಹೊಸದುರ್ಗದ ಒಂದು ರಸಮಂಜರಿಯಲ್ಲಿ ನುಡಿಸಿದ. ತಂಡದ ಗಿಟಾರಿನವರು ಮರುದಿನವೇ ಬಸ್ಸು ಹತ್ತಿ ಹೊಳಲ್ಕೆರೆಗೆ ಬಂದು, ತಮಗೂ ಅಂಥದ್ದು ಬೇಕೆಂದರು.

ಇನ್ನು ನನ್ನ ಪಾಲಿನ ಕೆಲಸವನ್ನು ಹೇಳಬೇಕು. ಈ ಜೋಡಣೆಯ ನಕ್ಷೆಯನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಬಿಟ್ಟುಕೊಡೋಣವೆಂದು ನಾನು ಹಟ ಹಿಡಿದೆ. ರುದ್ರಮುನಿ ಒಪ್ಪಿದರು, ಕಲಿಯುವವರು ಕಲಿಯಲಿ ಎಂದರು. ಅವರು ಕೇಳಿದ್ದು ಒಂದೇ ಒಂದು.

"ಕೆಳಗಡೆ ನನ್ ಹೆಸ್ರು ಹಾಕ್ತೀರಲ್ರಿ?"

ಮೈಕ್‌ಸೆಟ್ಟಿನವರ ಪದ್ಧತಿಯೊಂದಿದೆ. ಪ್ರತಿಯೊಂದು ಹಾರ್ನಿನ ಬಾಯೊಳಗೆ ಮಾಲೀಕನ ಹೆಸರು, ಊರು ಬಣ್ಣದಲ್ಲಿ ಬರೆದಿರುತ್ತದೆ. ದೊಡ್ಡ ಸಮಾರಂಭಗಳಲ್ಲಿ ನಾಲ್ಕಾರು ಊರುಗಳ ಹಾರ್ನುಗಳು ಬೆರೆತುಹೋಗುತ್ತವೆ. ಹೆಸರಿದ್ದದ್ದು ಮನೆಗೆ ಮರಳುತ್ತದೆ. ಅಂಗಡಿಯ ಗೋಡೆಗೆ ನೇತುಹಾಕಿದ ಹತ್ತಾರು ಹಾರ್ನುಗಳ ಬಾಯಲ್ಲೂ ಹಳದಿ ಅಕ್ಷರಗಳಲ್ಲಿ 'ರುದ್ರಮುನಿ, ಹೊಳಲ್ಕೆರೆ' ಎಂದಿತ್ತು. ನಾನು ಅದನ್ನು ನೋಡುತ್ತಲೇ ಕುಳಿತು, ಆ ಪದ್ಧತಿಯ ವಿರುದ್ಧ ಮೂರು ಭಾನುವಾರ ವಾದಿಸಿದೆ. ಹೆಸರೆಂಬುದು ಸೊತ್ತಿನ ಮೊದಲ ಬೇಲಿ ಎಂದೆ. ಜ್ಞಾನಕ್ಕೆ ಬೇಲಿಯಿರಬಾರದು ಎಂದೆ. ಈ ದನಿ ನಿಮಗೆ ಸಿಕ್ಕಿದ್ದು ಗಾಳಿಯಿಂದ, ಮೈಲಾರಿಗೆ ಸಿಕ್ಕಿದ್ದು ಅಜ್ಜಿಯಿಂದ. ಯಾರೊಬ್ಬರ ಹೆಸರು ಹಾಕಿದರೂ ಉಳಿದವರಿಗೆ ಮೋಸ ಎಂದೆ.

"ಮಗ್ಗ ಕಂಡುಹಿಡಿದವನ ಹೆಸರು ಯಾರಿಗಾದರೂ ಗೊತ್ತೇ, ರುದ್ರಣ್ಣ?"

"ಇಲ್ರಿ," ಎಂದರು ಅವರು. "ಗೊತ್ತಿದ್ದಿದ್ರೆ ಚೆನ್ನಾಗಿರ್ತಿತ್ತು."

ನಾನು ಮಾತು ಮುಂದುವರಿಸಿದೆ. ಎದುರಾಳಿ ದಣಿಯುವವರೆಗೂ ಮಾತನಾಡುವುದನ್ನು ನನಗೆ ಕಾಲೇಜು ಚೆನ್ನಾಗಿ ಕಲಿಸಿತ್ತು. ಮೂರನೆಯ ಭಾನುವಾರ ಅವರು ಕೈಚೆಲ್ಲಿ, "ಆತು ಬಿಡ್ರಿ. ಮಾತಿನಾಗೆ ನಿಮ್ಮನ್ನ ಗೆದ್ದೋರು ಯಾರವ್ರೆ," ಎಂದರು. ನಾನದನ್ನು ಒಪ್ಪಿಗೆ ಎಂದುಕೊಂಡೆ. ನಕ್ಷೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಮುನ್ನುಡಿ ಬರೆದೆ. ಅದರ ಒಂದು ಸಾಲಿನ ಬಗ್ಗೆ ನನಗೆ ವಿಶೇಷ ಅಭಿಮಾನವಿತ್ತು: 'ಈ ದನಿ ಯಾರೊಬ್ಬರ ಸೊತ್ತೂ ಅಲ್ಲ, ಇದು ಈ ನೆಲದ ಹೆಸರಿಲ್ಲದ ಕೈಗಳ ಕೆಲಸ.' ಯಾವ ಷರತ್ತೂ ಇಲ್ಲದೆ ಯಾರು ಬೇಕಾದರೂ ಬಳಸಬಹುದೆಂದೂ ಸೇರಿಸಿ ಅಂತರ್ಜಾಲಕ್ಕೆ ಏರಿಸಿದೆ. ಹೆಸರಿದ್ದ ಒಬ್ಬ ಮನುಷ್ಯನ ಎದುರಿಗೇ ಕುಳಿತು ಅವನನ್ನು ಹೆಸರಿಲ್ಲದವನನ್ನಾಗಿ ಮಾಡಿದೆ.

ಚಳಿ ಇಳಿಯುವ ಹೊತ್ತಿಗೆ, ಒಂದು ಭಾನುವಾರ, ಮೈಲಾರಿ ಹೊಸ ಪೆಡಲೊಂದನ್ನು ತಂದು ಮೇಜಿನ ಮೇಲಿಟ್ಟ. ಹಿರಿಯೂರಿನ ಕಾರ್ಯಕ್ರಮಕ್ಕೆ ಬೆಂಗಳೂರಿನಿಂದ ಬಂದಿದ್ದ ಗಿಟಾರ್ ವಾದಕನದು. ವೈರು ಸಿಕ್ಕಿಸುವ ಜಾಕು ಸಡಿಲವಾಗಿತ್ತು. ಕಂಪನಿಗೆ ಕಳಿಸಿದರೆ ತಿಂಗಳಾಗುತ್ತದೆಂದು, ಬಿಚ್ಚಿ ಸರಿಮಾಡಿಸಿಕೊಡಲು ಇವನ ಕೈಗೆ ಕೊಟ್ಟಿದ್ದ. ಮೇಲೆ ಕೋಟೆ, ಬಂಡೆ, ಕಂಬಳಿ ಹೊದ್ದ ಒಬ್ಬ ಕುರುಬನ ಚಿತ್ರ, ಆ ಕುರುಬನಿಗೆ ಮುಖವಿರಲಿಲ್ಲ.

"ಅಣ್ಣಾ, ಒಂದ್ಸಲ ಕೇಳು," ಎಂದು ಮೈಲಾರಿ ಜಾಕನ್ನು ಬೆರಳಲ್ಲಿ ಅದುಮಿ ಹಿಡಿದು ಒಂದು ಸ್ವರ ನುಡಿಸಿದ.

ಸ್ವರ ಹೊರಟಿತು. ಅದರ ಹಿಂದೆ ಇನ್ನೊಂದು, ಬಾಗಿ, ಬಳುಕಿ. ನಮ್ಮ ದೂರದ ಹಾರ್ನಿನದೇ ದನಿ.

ರುದ್ರಮುನಿ ಅದನ್ನು ಬಿಚ್ಚಿದರು. ಒಳಗೆ ಕಪ್ಪು ರಾಳ. ಬಿಸಿಗಾಳಿ ಊದಿ, ಗೋಣಿ ಹೊಲಿಯುವ ದಬ್ಬಳದಿಂದ ಚೂರುಚೂರಾಗಿ ಕೆತ್ತುತ್ತ ಇಡೀ ಮಧ್ಯಾಹ್ನ ಕುಳಿತರು. ಎಕೋ ಚಿಪ್ ಮೇಲಿನ ಅಂಕಿಗಳನ್ನು, ಗುರುತು ಸಿಗದಂತೆ, ಕಂಪನಿಯವರು ಉಜ್ಜಿ ಅಳಿಸಿದ್ದರು. ಅದರ ಪಕ್ಕದಲ್ಲಿ, ವಿದ್ಯುತ್ತಿನ ಹರಿವನ್ನು ತಡೆಯುವ, 'ಕೆ' ಎಂಬ ಅಳತೆಯ ರೆಸಿಸ್ಟರುಗಳಿದ್ದ ಭಾಗ ತೆರೆದುಕೊಂಡಾಗ ಅವರು ತಟ್ಟನೆ ನಕ್ಕುಬಿಟ್ಟರು.

"ನೋಡ್ರಿ ಇಲ್ಲಿ, ಮೇಡಂ. ಒಂದರ ಬಾಲಕ್ಕೆ ಒಂದು ಕಟ್ಟಿರೋ ಎರಡು ರೆಸಿಸ್ಟರ್ ಅವೆ. ಹತ್ತು ಕೆ ಒಂದು, ನಾಲ್ಕು ಪಾಯಿಂಟ್ ಏಳು ಕೆ ಒಂದು. ಯಾಕ್ ಹೇಳ್ರಿ?"

"ಯಾಕೆ?"

"ಅಲ್ಲಿಗೆ ಬೇಕಾಗಿದ್ದು ಹದಿನೈದು ಕೆ. ಆ ವಾರ ಚಿತ್ರದುರ್ಗದ ಅಂಗಡ್ಯಾಗೆ ಹದಿನೈದು ಖಾಲಿಯಾಗಿತ್ತು. ಬಸ್ ಚಾರ್ಜ್ ಕೊಟ್ಟು ಹೋಗಿದ್ದೆ, ಬರಿಗೈಲಿ ಬರೋದ್ಯಾಕೆ ಅಂತ ಈ ಎರಡು ತಂದು ಜೋಡಿಸ್ದೆ, ಸೇರಿದ್ರೆ ಹೆಚ್ಚೂಕಮ್ಮಿ ಅಷ್ಟೇ ಆಗ್ತೈತೆ. ಇವ್ರ ಊರಾಗೆ ಹದಿನೈದು ಕೆ ಸಿಗಲ್ವೇನ್ರಿ?"

ಮೈಲಾರಿಯೂ ನಗತೊಡಗಿದ. ಪೆಡಲಿನ ಪೆಟ್ಟಿಗೆಯಲ್ಲಿ ದಪ್ಪ ಕಾಗದದ ಒಂದು ಕಾರ್ಡಿತ್ತು. ಅದನ್ನು ಎತ್ತಿ ನನ್ನ ಕೈಗಿಟ್ಟ. "ಏನೋ ಬರ್ದೈತೆ, ಇಂಗ್ಲಿಷಿನಾಗೆ. ಓದಿ ಹೇಳ್ರಿ ಮೇಡಂ."

ನಾನು ಓದಿದೆ. ಓದಿ, ನನ್ನದೇ ಸಾಲನ್ನು ಅವರಿಬ್ಬರಿಗೆ ಕನ್ನಡಕ್ಕೆ ತಿರುಗಿಸಿ ಹೇಳಬೇಕಾಯಿತು. ದಖ್ಖನಿನ ಕಳೆದುಹೋದ ದನಿಯೊಂದನ್ನು ತಾವು ಹುಡುಕಿ ತಂದಿರುವುದಾಗಿ ಕಂಪನಿ ಬರೆದುಕೊಂಡಿತ್ತು. ಕೊನೆಯಲ್ಲಿ ಓರೆ ಅಕ್ಷರಗಳಲ್ಲಿ: 'ಈ ನೆಲದ ಹೆಸರಿಲ್ಲದ ಕೈಗಳಿಗೆ ಅರ್ಪಣೆ.'

ರುದ್ರಮುನಿಯವರ ನಗು ನಿಂತಿತು.

"ಇದು ನೀವ್ ಬರ್ದಿದ್ದಲ್ಲೇನ್ರಿ?"

"ಹೌದು."

"ಅವ್ರದ್ದೂ ಅದೇ ಮಾತಾತಲ್ಲ," ಎಂದರು. ಅಷ್ಟೇ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಜಾಕನ್ನು ಬಿಗಿಮಾಡಿ, ತಟ್ಟಿ ನೋಡಿ, ಮುಚ್ಚಳ ಹಾಕಿ ಮೈಲಾರಿಗೆ ಕೊಟ್ಟರು. ಕೆಲಸ ಅಚ್ಚುಕಟ್ಟಾಗಿತ್ತು.

ಮರುದಿನ ಕಂಪನಿಗೆ ಪತ್ರ ಬರೆದೆ. ಉತ್ತರವಿಲ್ಲ. ಇನ್ನೊಂದು ಬರೆದೆ. ಕೊನೆಗೆ ಅದರ ಒಡೆಯನೇ ಫೋನು ಮಾಡಿದ. ನಯವಾದ ಮಾತು, ತಾಳ್ಮೆಯ ಮಾತು. ಪ್ರತಿ ಸಾಲಿಗೊಮ್ಮೆ 'ಮೇಡಂ'.

"ನೀವೇ ಫ್ರೀಯಾಗಿ ಕೊಟ್ಟಿದ್ದೀರಿ, ಮೇಡಂ. ಹೆಸರು ಹಾಕಲೇಬೇಕು ಅಂತ ನೀವು ಎಲ್ಲೂ ಬರೆದಿಲ್ಲ. ಬೇಡ ಅಂತಾನೇ ಬರೆದಿದ್ದೀರಿ. ನಾವು ನಿಮ್ಮ ಫಿಲಾಸಫಿಗೆ ಗೌರವ ಕೊಟ್ಟಿದ್ದೀವಿ."

"ಎಲ್ಲರಿಗೂ ತೆರೆದಿಟ್ಟದ್ದನ್ನು ನೀವು ರಾಳ ಸುರಿದು ಮುಚ್ಚಿದ್ದೀರಿ. ಅದು ಯಾವ ಫಿಲಾಸಫಿ?"

"ಅದು ನಮ್ಮ ಡಿಸೈನ್ ಕಾಪಾಡೋದಕ್ಕೆ, ಮೇಡಂ."

"ನಿಮ್ಮ ಡಿಸೈನಿನಲ್ಲಿ ಹದಿನೈದು ಕೆ ಬದಲು ಎರಡು ರೆಸಿಸ್ಟರುಗಳು ಏಕಿವೆ?"

ಅವನು ದನಿ ತಗ್ಗಿಸಿ, ಗುಟ್ಟು ಹೇಳುವವನಂತೆ ಹೇಳಿದ: "ಅದು ಟೋನ್‌ಗೋಸ್ಕರ, ಮೇಡಂ. ಒಂದೇ ರೆಸಿಸ್ಟರ್ ಹಾಕಿದ್ರೆ ಆ ಮ್ಯಾಜಿಕ್ ಬರಲ್ಲ. ನಾವು ಟೆಸ್ಟ್ ಮಾಡಿದ್ದೀವಿ."

ನಾನು ಕಿರುಚಿದೆ. ಸಭ್ಯ ಚರ್ಚೆಯ ನಿಯಮಗಳನ್ನೆಲ್ಲ ಮುರಿದು, ಕಾಲೇಜಿನ ಮೆಟ್ಟಿಲ ಮೇಲೆ ನಿಂತು, ವಿದ್ಯಾರ್ಥಿಗಳು ತಿರುಗಿ ನೋಡುವಂತೆ ಕಿರುಚಿದೆ. ಚಿತ್ರದುರ್ಗದ ಅಂಗಡಿಯ ಖಾಲಿ ಡಬ್ಬಿಯೊಂದನ್ನು ಮ್ಯಾಜಿಕ್ ಎಂದು ಮಾರುವವನಿಗೆ, ಆ ಅಂಗಡಿಗೆ ಬಸ್ಸು ಹತ್ತಿ ಹೋದವನ ಹೆಸರು ಕಾರ್ಡಿನ ಮೇಲೆ ಹಾಕಲು ಒಂದು ಸಾಲಿನ ಜಾಗವಿರಲಿಲ್ಲ. ಅವನು ಎಲ್ಲವನ್ನೂ ಕೇಳಿಸಿಕೊಂಡು, "ನಿಮ್ಮ ಫೀಲಿಂಗ್ಸ್ ಅರ್ಥ ಆಗುತ್ತೆ, ಮೇಡಂ," ಎಂದು ಫೋನಿಟ್ಟ. ಕಾನೂನು ಬಲ್ಲ ಗೆಳತಿಯನ್ನು ಕೇಳಿದೆ. ನನ್ನ ಮುನ್ನುಡಿಯನ್ನು ಓದಿ, ಅವಳು ಹೇಳಿದ್ದು ಚುಟುಕಾಗಿತ್ತು: ಅವನ ಪರವಾಗಿ ಇದಕ್ಕಿಂತ ಒಳ್ಳೆಯ ವಾದವನ್ನು ಯಾವ ವಕೀಲನೂ ಬರೆಯಲಾರ.

ಇಂದಿಗೂ ನನ್ನನ್ನು ಸುಡುವುದು ಇದೇ. ಬಡವನ ಕೈಗೆ ತ್ಯಾಗದ ಪಾಠ ಹೇಳುವುದು ನಮ್ಮಂಥ ಓದಿದವರಿಗೆ ಎಷ್ಟು ಸುಲಭ! ನನ್ನ ಪಾರಿತೋಷಕಗಳ ಮೇಲೆಲ್ಲ ನನ್ನ ಹೆಸರಿದೆ. ನನ್ನ ಪ್ರಬಂಧಗಳ ಕೆಳಗೆ ನನ್ನ ಹೆಸರಿದೆ. ಆ ಮುನ್ನುಡಿಯಲ್ಲಿ ನನ್ನ ಹೆಸರು ಬಿಟ್ಟೆನಾದರೂ, ಅದನ್ನು ಬರೆದವಳು ಯಾರೆಂದು ಗೆಳೆಯರಿಗೆಲ್ಲ ಹೇಳಿಕೊಂಡಿದ್ದೆ. ಇಡೀ ಬದುಕಿನಲ್ಲಿ ಮೊದಲ ಸಲ ತನ್ನದೊಂದನ್ನು ಕಟ್ಟಿ, ಅದರ ಮೇಲೆ ಎರಡು ಪದ ಬರೆಸಿಕೊಳ್ಳಬೇಕೆಂದ ಮನುಷ್ಯನಿಗೆ ಮಾತ್ರ ನಾನು ತತ್ವ ಹೇಳಿದೆ.

ಬೇಸಿಗೆಯಲ್ಲಿ ನನ್ನ ಅವಧಿ ಮುಗಿಯಿತು. ಊರು ಬಿಡುವ ಮುನ್ನ ಅಂತರ್ಜಾಲದ ಪುಟವನ್ನು ತಿದ್ದಿದೆ. ಮೊದಲ ಸಾಲಿನಲ್ಲೇ ಕನ್ನಡದಲ್ಲಿ ರುದ್ರಮುನಿಯವರ ಹೆಸರು, ಊರು, ಪೆಡಲಿಗೆ ಅವರಿಟ್ಟ ಹೆಸರು ಹಾಕಿದೆ. ಅದರ ಪ್ರತಿ ತೆಗೆಸಿಕೊಂಡು ಅಂಗಡಿಗೆ ಹೋದೆ. ಬಿಸಿಲಿಗೆ ರಸ್ತೆ ಬೆಳ್ಳಗಾಗಿತ್ತು. ಮೈಲಾರಿ ಅಲ್ಲೇ ಇದ್ದ. ರಸಮಂಜರಿಯ ಗಿಟಾರಿನವರು ಹೇಳಿಹೋಗಿದ್ದ ನಾಲ್ಕು ಪೆಡಲುಗಳನ್ನು ರುದ್ರಮುನಿ ಮುಗಿಸುತ್ತಿದ್ದರು.

ಕಾಗದ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು, ಮಡಿಸಿ ಪಕ್ಕಕ್ಕಿಟ್ಟರು.

"ಒಳ್ಳೇದಾತ್ರಿ. ಆದ್ರೆ ಹೆಸ್ರಿಲ್ಲದ ಹಳೇದು ಈಗ ಎಲ್ಲಾರ ಹತ್ರ ಐತಲ್ಲ."

ಮೇಜಿನ ಕೆಳಗಿನಿಂದ ಒಂದು ಡಬ್ಬ ತೆಗೆದರು. ಕೊಳವೆಬಾವಿಯ ಮೋಟರಿಗೆ ಕೇಬಲ್ ಜೋಡಿಸಿದ ಮೇಲೆ ನೀರು ಹೋಗದಿರಲೆಂದು ಸುರಿಯುವ ಕಪ್ಪು ರಾಳ. ಎರಡು ದ್ರವಗಳನ್ನು ಹಳೆಯ ಲೋಟದಲ್ಲಿ ಬೆರೆಸಿ, ಕಡ್ಡಿಯಿಂದ ಕಲಕಿ, ಮೊದಲ ಪೆಡಲಿನೊಳಕ್ಕೆ ಸುರಿಯತೊಡಗಿದರು. ಎಕೋ ಚಿಪ್ ಮುಳುಗಿತು. ವಾಲ್‌ಟ್ಯೂಬಿನ ತುಂಡು ಮುಳುಗಿತು.

"ಅಣ್ಣಾ, ಏನ್ ಮಾಡ್ತಿದೀಯ!" ಎಂದು ಮೈಲಾರಿ ಎದ್ದು ನಿಂತ. "ನಾಳೆ ಒಂದು ವೈರ್ ಬಿಟ್ರೆ ನಿನ್ ಕೈಲೇ ತೆಗ್ಯಾಕಾಗಲ್ಲ. ಕೆಟ್ರೆ ಏನ್ ಮಾಡ್ಬೇಕು?"

ಮೂವತ್ತು ವರ್ಷ ಊರವರೆಲ್ಲ ಎಸೆದದ್ದನ್ನು ಎತ್ತಿ, ಬಿಚ್ಚಿ, ಒರೆಸಿ, ಮತ್ತೆ ಮಾತನಾಡಿಸಿ ಕೊಟ್ಟ ಮನುಷ್ಯ ತಲೆ ಎತ್ತಲಿಲ್ಲ.

"ಕೆಟ್ರೆ ಬಿಸಾಕ್ಲಿ."

ನಾನು ಏನೋ ಹೇಳಲು ಬಾಯಿ ತೆರೆದೆ. ಹೇಳಲು ವಾದಗಳಿದ್ದವು, ಎಲ್ಲವೂ ಸರಿಯಾದ ವಾದಗಳೇ. ಅಷ್ಟರಲ್ಲಿ ಮೇಜು ಓರೆಯಿದ್ದುದರಿಂದ ರಾಳ ಒಂದು ಕಡೆಗೆ ಹರಿಯತೊಡಗಿತು. "ಮೇಡಂ, ಸ್ವಲ್ಪ ಮಟ್ಟಸಕ್ಕೆ ಹಿಡ್ಕಳ್ರಿ," ಎಂದರು. ನಾನು ಎರಡೂ ಕೈಯಲ್ಲಿ ಆ ಪೆಡಲನ್ನು ಹಿಡಿದುಕೊಂಡೆ. ಒಳಗಿನ ರಾಳ ಕಾಯುತ್ತ ಬಂದು ಲೋಹ ಬಿಸಿಯಾಯಿತು, ಬೆರಳು ಚುರುಗುಟ್ಟಿತು. ಅದು ಗಟ್ಟಿಯಾಗುವವರೆಗೂ ಅಲುಗದಂತೆ ಹಿಡಿದು ನಿಂತೆ. ಆಮೇಲೆ ಅವರು ಎರಡನೆಯದನ್ನು ಕೊಟ್ಟರು.